ಚಿಕ್ಕಮಾವನ ಶಿಳ್ಳೆ ಹೊಡೆಯುವ ಫಿಯಟ್

ನಮ್ಮ ಚಿಕ್ಕಮಾವನಿಗೆ ಮದುವೆಯಾಗದೆ ಹೋದದ್ದಕ್ಕೆ ಒಂದು ಆಯಿಲ್ ಇಂಜಿನ್ ಕಾರಣ. ಚಿಕ್ಕಮಾವ ಎಂದರೆ ನನ್ನ ಮಾವ ಅಯ್ಯಾಸಾಮಿಯವರ ತಮ್ಮ, ಹೆಸರು ಕಂದಸಾಮಿ. ವಯಸ್ಸಿನಲ್ಲಿ ಅವರಿಗೆ ಹೆಣ್ಣು ನೋಡಲು ಮನೆಯವರು ಆನೈಮಲೈ ಹತ್ತಿರದ ಒಂದು ತೆಂಗಿನ ತೋಟಕ್ಕೆ ಹೋಗಿದ್ದರಂತೆ. ಹುಡುಗಿ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ ಹುಡುಗ ಕೂತ ಜಾಗ ಖಾಲಿ. ಬಾವಿಯ ಹತ್ತಿರ ಇಂಜಿನ್ ಒಂದು ಬಡಿತ ಬಿಟ್ಟು ಬಿಟ್ಟು ಓಡುವುದು ಕಿವಿಗೆ ಬಿದ್ದಿತ್ತು. ಹೊಸ ಅಂಗಿಯ ತೋಳು ಮಡಿಸಿಕೊಂಡು ಚಿಕ್ಕಮಾವ ಆ ಇಂಜಿನ್ ಬಿಚ್ಚಿ ಕೂತಿದ್ದರು. ಇಂಜಿನ್ ಸರಿಹೋದದ್ದು ಕಂಡು ಹುಡುಗಿಯ ಅಪ್ಪನಿಗೆ ಬಹಳ ಸಂತೋಷ. ಮುಂದೆ ಎಷ್ಟೋ ವರ್ಷ ತೋಟದಲ್ಲಿ ಏನು ಕೆಟ್ಟರೂ ಚಿಕ್ಕಮಾವನನ್ನೇ ಕರೆಸುತ್ತಿದ್ದರು. ಮಗಳನ್ನು ಮಾತ್ರ ಉಡುಮಲೆಯ ಬ್ಯಾಂಕಿನವನಿಗೆ ಕೊಟ್ಟರು.

ನಾನು ಸೊಸೆಯಾಗಿ ಬಂದ ಹೊಸದರಲ್ಲೇ ಅತ್ತೆ ಸುಬ್ಬಾತಾಳ್ ಈ ಕತೆಯನ್ನು ಚಿಕ್ಕಮಾವನ ಎದುರಿಗೇ ಹೇಳಿದರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅನ್ನ ಕಲಸುತ್ತಾ, "ಆ ಇಂಜಿನ್ ಇವತ್ತಿಗೂ ಓಡ್ತದೆ ಅಮ್ಮಿಣಿ" ಎಂದರು. ಇಲ್ಲಿ ಮನೆಯ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಅಮ್ಮಿಣಿ ಎನ್ನುತ್ತಾರೆ. ಕೊಳ್ಳೇಗಾಲದವಳಾದ ನನಗೆ ಈ ಮನೆಯ ಕನ್ನಡ ಮೊದಮೊದಲು ತಮಿಳಿನಂತೆಯೇ ಕೇಳುತ್ತಿತ್ತು. ತಲೆತಲಾಂತರದಿಂದ ಇವರು ಕೊಯಮತ್ತೂರಿನವರು. ತುಡಿಯಲೂರಿನ ಆಚೆ ಹೊಲ ಮಾಡಿಕೊಂಡಿದ್ದವರು ಬಾವಿಯ ಪಂಪು ರಿಪೇರಿ ಮಾಡುತ್ತಾ ಮಾಡುತ್ತಾ ತಾವೇ ಪಂಪು ಮಾಡುವವರಾಗಿ ಊರಿನ ಗಣಪತಿ ಎಂಬ ಬಡಾವಣೆಗೆ ಬಂದು ನಿಂತರು. ಮನೆಯ ಹಿಂದೆಯೇ ಪಟ್ಟರೆ, ಅಂದರೆ ನಮ್ಮ ಸಣ್ಣ ಕಾರ್ಖಾನೆ. ಎರಡು ಲೇತು, ಒಂದು ಪರೀಕ್ಷೆಯ ತೊಟ್ಟಿ, ಮಾವನ ಮೇಜು. ಅದರ ಪೂರ್ವದ ಮೂಲೆ ಚಿಕ್ಕಮಾವನದು. ಹಗಲೆಲ್ಲ ಅಣ್ಣನ ಪಂಪುಗಳಿಗೆ ದುಡಿದು, ಸಂಜೆ ಕಾಫಿ ಕುಡಿದ ಮೇಲೆ ಅವರು ಆ ಮೂಲೆಯಲ್ಲಿ ತಮಗೆ ಇಷ್ಟವಾದದ್ದನ್ನು ಮಾಡುತ್ತಿದ್ದರು. ಆ ಮೂಲೆಗಾಗಿ ನಡೆದದ್ದನ್ನೇ ನಾನು ಇಲ್ಲಿ ಬರೆಯುತ್ತಿರುವುದು.

ಹೋದ ವರ್ಷ, ಎಂಬತ್ತೈದರಲ್ಲಿ, ನಾವೆಲ್ಲ ಮನೆಯ ಫಿಯಟ್ಟಿನಲ್ಲಿ ವಾಲ್ಪಾರೈಗೆ ಹೊರಟಿದ್ದೆವು. ಅತ್ತೆಯ ತಂಗಿ ಸಾಮಿಯಾತಾಳ್ ಅಲ್ಲಿನ ಟೀ ಎಸ್ಟೇಟಿನಲ್ಲಿದ್ದಾರೆ. ಆಳಿಯಾರ್ ಅಣೆಕಟ್ಟು ದಾಟಿ ಮಲೆ ಹತ್ತುವಾಗ, ಕೊಂಡಿಯಂತೆ ಬಾಗಿದ ಒಂದು ತಿರುವಿನಲ್ಲಿ ಕಾರು ಮುಂದೆ ಹೋಗಲಾರೆ ಎಂದಿತು. ಮಾವ ಇಳಿದರು, ನನ್ನವರು ಇಳಿದರು, ಅತ್ತೆ ಮುರುಕ್ಕಿನ ಡಬ್ಬ ಸೊಂಟಕ್ಕೆ ಇಟ್ಟುಕೊಂಡು ಇಳಿದರು. ಬಸುರಿ ಎಂದು ನನ್ನನ್ನು ಮಾತ್ರ ಇಳಿಸಲಿಲ್ಲ. ಚಿಕ್ಕಮಾವ ನನ್ನೊಬ್ಬಳನ್ನು ಕೂರಿಸಿಕೊಂಡು ಹತ್ತಿಸಿದರು. ಮನೆಯವರೆಲ್ಲ ಹಿಂದೆ ನಡೆದು ಬಂದರು, ನಾನೇನೋ ಪಲ್ಲಕ್ಕಿ ದೇವರ ಹಾಗೆ. ಪಕ್ಕದಲ್ಲಿ ಹೋದ ಬಸ್ಸಿನ ಜನ ಮಾವನನ್ನು ನೋಡಿ ಓ ಎಂದು ಕೂಗಿದರು. ಗಣಪತಿಯಲ್ಲಿ ಎಲ್ಲರೂ ಎದ್ದು ನಿಂತು ಮಾತನಾಡಿಸುವ ಮಾವನಿಗೆ ಅದು ಬಹಳ ದಿನ ನೆನಪಿನಲ್ಲಿತ್ತು.

ಚಿಕ್ಕಮಾವನಿಗೆ ಬೇರೆ ಯೋಚನೆ. ಇಂಜಿನ್ನಿಗೆ ಬಲ ಇದೆ, ಉಸಿರು ಸಾಲುತ್ತಿಲ್ಲ ಎಂದು ವಾಪಸ್ಸು ಬರುವಾಗಲೇ ಹೇಳಿದರು. ಫಿಯಟ್ಟು ತನ್ನ ಸ್ವಂತ ಉಸಿರಿನಲ್ಲಿ ಓಡುವ ಗಾಡಿ. ತಾನೇ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟೇ ಅದಕ್ಕೆ ದಕ್ಕುವುದು. ಮೇಲೆ ಹೋದಂತೆ ಗಾಳಿಯೂ ತೆಳ್ಳಗೆ. ಯಾರಾದರೂ ಒಂದಿಷ್ಟು ಗಾಳಿಯನ್ನು ಒಳಕ್ಕೆ ಊದಿಕೊಟ್ಟರೆ?

ಊದಿಕೊಡುವ ಸಾಮಾನು ಉಕ್ಕಡದ ಹಳೇ ಕಬ್ಬಿಣದ ಅಂಗಡಿಯಲ್ಲಿ ಸಿಕ್ಕಿತು. ಕೊಚ್ಚಿ ಬಂದರಿನಿಂದ ಬಂದ ಯಾವುದೋ ವಿದೇಶಿ ಕಾರಿನ ಮುರುಕುಗಳ ನಡುವೆ ಬಿದ್ದಿತ್ತಂತೆ. ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ಚಿಕ್ಕಮಾವ ಅದನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿದರು. ಅದಕ್ಕೆ ಟರ್ಬೋ ಎಂದು ಹೆಸರು. ಒಂದೇ ದಂಡ, ಎರಡು ತುದಿಗೆ ಎರಡು ಪುಟ್ಟ ಚಕ್ರ. ಇಂಜಿನ್ ಹೊರಗೆ ಬಿಡುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದರ ಜೊತೆ ತಿರುಗುವ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಇಂಜಿನ್ನಿನೊಳಕ್ಕೆ ತಳ್ಳುತ್ತದೆ. ಬೀದಿಗೆ ಹೋಗುವ ಹೊಗೆಯಿಂದಲೇ ಕೆಲಸ ತೆಗೆಯುವುದು. ನೋಡಿದರೆ ನಮ್ಮ ಪಂಪಿನ ಚಕ್ರದ ಮರಿಯಂತಿತ್ತು. ಬೆರಳಿನಿಂದ ತಟ್ಟಿದೆ, ಸದ್ದಿಲ್ಲದೆ ತಿರುಗುತ್ತಾ ತಿರುಗುತ್ತಾ ಹೋಯಿತು. ಇನ್ನೊಮ್ಮೆ ತಟ್ಟಿದೆ.

"ಜಾಸ್ತಿ ಊದಿದ್ರೆ ಇಂಜಿನ್ ಒಡೆದೋಗ್ತದೆ," ಎಂದರು ಚಿಕ್ಕಮಾವ. "ಗಂಜಿ ಆರಿಸೋಕೆ ನೀನು ಊದ್ತೀಯಲ್ಲ, ಅಷ್ಟೇ ಸಾಕು ಇದಕ್ಕೆ. ಐದು ಪೌಂಡು. ಅದಕ್ಕೆ ಮೇಲೆ ಬೇಡವೇ ಬೇಡ."

ಮಾವ ಇದನ್ನೆಲ್ಲ ಕೇಳಿ ನಗಲಿಲ್ಲ. ಪಟ್ಟರೆಗೆ ಹೊಸ ಡ್ರಿಲ್ಲಿಂಗ್ ಮಿಷಿನ್ ಬರುವುದಿತ್ತು, ಇಡಲು ಜಾಗ ಬೇಕಿತ್ತು. ಒಂದು ದಿನ ಊಟಕ್ಕೆ ಕೂತಾಗ ಅದನ್ನು ಹೇಳಿಯೇಬಿಟ್ಟರು.

"ಮೂಲೆ ಬೇಕಾ ನಿಂಗೆ? ಸೆರಿ. ಅದೇ ಮಲೆ, ಅದೇ ವಂಡಿ, ಅದೇ ಜನ. ಒಬ್ಬರೂ ಕೆಳಗೆ ಇಳೀದೆ ವಾಲ್ಪಾರೈ ಸೇರ್ಸು. ಮೂಲೆ ನಿಂದೇ."

"ಇಳಿದ್ರೆ?"

"ಇಳಿದ್ರೆ ಅಲ್ಲಿ ಡ್ರಿಲ್ಲಿಂಗ್ ಮಿಷಿನ್ ನಿಲ್ತದೆ. ಸಾಯಂಕಾಲ ನೀನು ನಮ್ಮ ಜೊತೆ ಕೂತು ರೇಡಿಯೋ ಕೇಳು."

ಅತ್ತೆ ತಮ್ಮದೂ ಒಂದು ಮಾತು ಸೇರಿಸಿದರು. ದಾರಿಯಲ್ಲಿ ಆನೈಮಲೈಯ ಮಾಸಾಣಿ ಅಮ್ಮನ ಗುಡಿ ಸಿಗುತ್ತದೆ. ಅನ್ಯಾಯವಾದವರು ಅಲ್ಲಿ ಕೆಂಪು ಮೆಣಸಿನಕಾಯಿ ಅರೆದು ಅಮ್ಮನಿಗೆ ಹಚ್ಚಿ ಬೇಡಿಕೊಂಡರೆ ನ್ಯಾಯ ಸಿಗುತ್ತದೆ ಎಂದು ನಂಬಿಕೆ. ಇನ್ನೊಂದು ಸಲ ತಮ್ಮನ್ನು ಆ ತಿರುವಿನಲ್ಲಿ ನಡೆಸಿದರೆ, ಅಣ್ಣ ತಮ್ಮ ಇಬ್ಬರ ಹೆಸರಿನಲ್ಲೂ ಮೆಣಸಿನಕಾಯಿ ಅರೆಯುತ್ತೇನೆ ಎಂದರು.

ಮಗಳು ಹುಟ್ಟಿ, ಬಾಣಂತನ ಮುಗಿಸಿ ನಾನು ಕೊಳ್ಳೇಗಾಲದಿಂದ ವಾಪಸ್ಸು ಬರುವ ಹೊತ್ತಿಗೆ ಮೂಲೆಯ ರೂಪವೇ ಬದಲಾಗಿತ್ತು. ಹೊಗೆ ಟರ್ಬೋಗೆ ಹೋಗುವ ಬಾಗುಕೊಳವೆಗೆ ಚಿಕ್ಕಮಾವ ತಾವೇ ಮರದ ಅಚ್ಚು ಕೆತ್ತಿ, ಮರಳಿನಲ್ಲಿ ಎರಕ ಹೊಯ್ಯಿಸಿದ್ದರು. ಗಾಳಿ ಸೋರದಿರಲೆಂದು ಕಾರ್ಬುರೇಟರಿನ ಸುತ್ತ ಅಲ್ಯೂಮಿನಿಯಂ ಪೆಟ್ಟಿಗೆ ಕಟ್ಟಿದ್ದರು. ಒತ್ತಡ ಐದು ಪೌಂಡು ದಾಟಿದರೆ ತಾನೇ ತೆರೆದುಕೊಂಡು ಹೊಗೆಯನ್ನು ಬೇರೆ ದಾರಿಗೆ ಬಿಡುವ ಒಂದು ಪುಟ್ಟ ಮುಚ್ಚಳಕ್ಕೆ, ಯಾವ ಸ್ಪ್ರಿಂಗು ಸರಿ ಎಂದು ಬಾಣಲೆ ತುಂಬ ಸ್ಪ್ರಿಂಗು ಹಾಕಿಕೊಂಡು ಕೂತಿದ್ದರು. ಆ ಬಾಣಲೆ ನನ್ನದು. ಪಂಪು ಪರೀಕ್ಷೆಯ ಒತ್ತಡದ ಗೇಜು ಒಂದನ್ನು ಕಾರಿನೊಳಗೆ ಸ್ಟೇರಿಂಗಿನ ಪಕ್ಕ ಕೂರಿಸಿದ್ದರು. ತಿಂಡಿ ತಟ್ಟೆಯಷ್ಟು ಅಗಲ. ಮಗಳು ಶಿವಗಾಮಿಯನ್ನು ಎತ್ತಿಕೊಂಡು ನಿಂತ ನನಗೆ ಒಂದೊಂದನ್ನೂ ತೋರಿಸಿದರು. ಮಗಳಿಗೆ ಗೇಜಿನ ಮುಳ್ಳು ಬಹಳ ಇಷ್ಟವಾಯಿತು.

ಇಷ್ಟೆಲ್ಲ ಆಗುವಾಗ ಮಾವ ದೂರ ನಿಂತೇ ಇದ್ದರು ಎಂದುಕೊಂಡಿದ್ದೆ. ಪಂಪಿನವರು ಎಷ್ಟು ದಿನ ದೂರ ನಿಂತಾರು? ಟರ್ಬೋದ ದಂಡ ಎಣ್ಣೆಯಲ್ಲಿ ತೇಲುತ್ತಾ ತಿರುಗಬೇಕು. ಇಂಜಿನ್ನಿನ ಎಣ್ಣೆಯೇ ಸಣ್ಣ ಕೊಳವೆಯಲ್ಲಿ ಬಂದು ಅದನ್ನು ನೆನೆಸಿ, ಕೆಳಗಿನ ಕೊಳವೆಯಿಂದ ವಾಪಸ್ಸು ಇಂಜಿನ್ನಿಗೆ ಇಳಿಯಬೇಕು. ಒಂದು ಸಂಜೆ ಮಾವ ಮೂಲೆಗೆ ಬಂದು ಅದನ್ನು ನೋಡಿದರು. ಇಂಜಿನ್ ನಿಲ್ಲಿಸಿದಾಗ ಎಣ್ಣೆಯೆಲ್ಲ ಇಳಿದುಹೋದರೆ ಮತ್ತೆ ಓಡಿಸುವಾಗ ದಂಡ ಒಣಗಿರುವುದಿಲ್ಲವೇ ಎಂದು ಕೇಳಿದರು. ಬಾವಿಯ ಪಂಪಿಗೆ ತಳದಲ್ಲಿ ಫುಟ್ ವಾಲ್ವು ಇಡುವುದು ಅದಕ್ಕೇ. ಏರಿದ ನೀರು ಮತ್ತೆ ಬಾವಿಗೆ ಇಳಿಯಬಾರದು, ಪಂಪು ಒಣಗಬಾರದು. ಚಿಕ್ಕಮಾವನಿಗೂ ಹೌದೆನ್ನಿಸಿತು. ಈ ಮನೆಯಲ್ಲಿ ಯಾರಿಗೆ ಬೇರೆ ಅನ್ನಿಸೀತು? ಮರುದಿನ ಮಾವ ತಾವೇ ಲೇತಿನ ಮುಂದೆ ನಿಂತು ಒಂದು ಹಿತ್ತಾಳೆಯ ವಾಲ್ವು ಕಡೆದರು. ಒಳಗೆ ಉಕ್ಕಿನ ಗುಂಡು, ಗುಂಡಿನ ಹಿಂದೆ ಸ್ಪ್ರಿಂಗು. ಯಾರಿಗೂ ಕಾಣದ ಜಾಗಕ್ಕೆ ಹೋಗುವ ಸಾಮಾನಾದರೂ ಪಾಲಿಶ್ ಹಾಕಿ, ತಮ್ಮನ ಬೆಂಚಿನ ಮೇಲೆ ಇಟ್ಟು ಹೋದರು. ಅದು ಎಣ್ಣೆ ಇಳಿಯುವ ಕೊಳವೆಯಲ್ಲಿ ಕೂತಿತು.

ಮೊದಲ ಸಲ ಇಂಜಿನ್ ಓಡಿಸಿದ ದಿನ ನಾನು ಮಗುವನ್ನು ಎತ್ತಿಕೊಂಡು ನೋಡಲು ಓಡಿದೆ. ಚಿಕ್ಕಮಾವ ಆಕ್ಸಿಲೇಟರ್ ಒತ್ತಿದರು. ಇಂಜಿನ್ನಿನ ಸದ್ದಿನ ಒಳಗಿನಿಂದ ಇನ್ನೊಂದು ಸದ್ದು ಎದ್ದಿತು, ಸಣ್ಣಗೆ, ದೂರದಲ್ಲಿ ಯಾರೋ ತುಟಿ ಕೂಡಿಸಿ ಶಿಳ್ಳೆ ಹಾಕುವ ಹಾಗೆ. ಚಿಕ್ಕಮಾವ ನನ್ನ ಕಡೆ ತಿರುಗಿದರು. ಆ ಮುಖ ನಾನು ಮರೆಯಲಾರೆ. ನನ್ನ ಮಗಳು ಮೊದಲ ಸಲ ಮಗ್ಗುಲಾದಾಗ ನನ್ನ ಮುಖವೂ ಹಾಗೇ ಇದ್ದಿರಬೇಕು.

ಆಮೇಲೆ ಹೊಗೆ ಬಂತು. ಸೈಲೆನ್ಸರಿನಿಂದ ನೀಲಿಬಿಳಿ ಹೊಗೆ ಮೋಡ ಮೋಡವಾಗಿ ಎದ್ದು ಬೀದಿ ತುಂಬಿತು. ಎದುರು ಮನೆಯ ಅಂಗಮ್ಮ ಕಿಟಕಿ ಮುಚ್ಚಿಕೊಂಡು, ನೀರಿನ ಕೊಡಕ್ಕೆ ತಟ್ಟೆ ಮುಚ್ಚಿ, ಸೊಳ್ಳೆ ಮದ್ದಿನ ವಂಡಿ ಈ ಸಲ ಬೇಗ ಬಂತಲ್ಲ ಎಂದು ಕೇಳಿದರು. ಮಾವ ಟೇಪು ತಂದು, ಡ್ರಿಲ್ಲಿಂಗ್ ಮಿಷಿನ್ನಿಗೆ ಮೂಲೆಯ ಅಗಲ ಅಳೆದರು.

ಎಣ್ಣೆ ಸುಡುತ್ತಿದೆ ಎನ್ನುವುದು ವಾಸನೆಯಿಂದಲೇ ತಿಳಿಯುತ್ತಿತ್ತು. ಪಂಪು ಸೋರಿದರೆ ದಂಡದ ಸುತ್ತಲಿನ ಬಿಗಿಯಲ್ಲೇ ಸೋರುವುದು; ಹಾಗಾಗಿ ಚಿಕ್ಕಮಾವ ಟರ್ಬೋ ಬಿಚ್ಚಿ ಅಲ್ಲಿ ಎಣ್ಣೆ ತಡೆಯುವ ಬಳೆಗಳನ್ನು ನೋಡಿದರು. ಸವೆದಿರಲಿಲ್ಲ. ಆದರೂ ಹೊಸದು ಮಾಡಿ ಹಾಕಿದರು. ಮತ್ತೆ ಶಿಳ್ಳೆ, ಮತ್ತೆ ಮೋಡ. ಇನ್ನೊಮ್ಮೆ ಬಿಚ್ಚಿದರು. ಭಾನುವಾರ ವಾಲ್ಪಾರೈಗೆ ಹೊರಡುವುದೆಂದು ನಿಶ್ಚಯವಾಗಿತ್ತು, ಡ್ರಿಲ್ಲಿಂಗ್ ಮಿಷಿನ್ ಅದರ ಮುಂದಿನ ಶುಕ್ರವಾರ ಬರುವುದಿತ್ತು. ಚಿಕ್ಕಮಾವ ಊಟ ಮಾಡುವಾಗ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿಕೊಂಡರು, ಗೊತ್ತೇ ಆಗಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಮಗಳಿಗೆ ಒಳಲೆಯಲ್ಲಿ ರಾಗಿ ಗಂಜಿ ಕುಡಿಸುತ್ತಿದ್ದೆ. ಪಕ್ಕದಲ್ಲಿ ಚಿಕ್ಕಮಾವ. ನನ್ನ ಮಡಿಲಲ್ಲಿ ಮಗು, ಅವರ ಮಡಿಲಲ್ಲಿ ಟರ್ಬೋ. ಕಾಗೆಯೊಂದು ಗೋಡೆಯ ಮೇಲೆ ಕೂತಿತು. ಮಗಳು ಬಾಯಲ್ಲಿ ಗಂಜಿ ಇಟ್ಟುಕೊಂಡೇ ಅದನ್ನು ನೋಡಿ ನಕ್ಕಳು, ನಾನು ಗಮನಿಸದೆ ಇನ್ನಷ್ಟು ಹೊಯ್ದೆ. ಗಂಜಿ ಮೂಗಿನಿಂದ ಬಂತು. ತಟ್ಟನೆ ಬೋರಲು ಹಿಡಿದು ಬೆನ್ನು ತಟ್ಟಿದೆ. ಒಂದೆರಡು ಸೀನು ಸೀನಿ ಸರಿಹೋದಳು. ಒಳಗಿನಿಂದ ಅತ್ತೆ ಬಂದು ನನಗೆ ಬೈದರು.

"ಗಂಟಲು ಇಳಿಯೋಕೆ ಮುಂಚೆ ಮೇಲೆ ಮೇಲೆ ಉಯ್ದರೆ ಮೂಗಲ್ಲಿ ಬರದೆ ಎಲ್ಲಿ ಹೋಗ್ತದೆ?"

ಚಿಕ್ಕಮಾವ ತಲೆ ಎತ್ತಿದರು. "ಅತ್ತಿಗೆ, ಇನ್ನೊಂದು ತಡವೆ ಹೇಳಿ."

"ಯಾಕೆ, ಗೇಲಿಯಾ ನಿಮಗೆ?" ಎಂದು ಅತ್ತೆ ಒಳಗೆ ಹೋದರು.

ಗೇಲಿಯಾಗಿರಲಿಲ್ಲ. ಅವರು ಟರ್ಬೋವನ್ನು ನನ್ನ ಕಡೆ ತಿರುಗಿಸಿ ಕೆಳಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರು. ಮೇಲಿನಿಂದ ಎಣ್ಣೆ ಒತ್ತಡದಲ್ಲಿ ಬರುತ್ತಲೇ ಇರುತ್ತದೆ. ಕೆಳಕ್ಕೆ ಅದನ್ನು ಯಾರೂ ತಳ್ಳುವುದಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಇಳಿಯುವ ಗಂಟಲಿನಲ್ಲಿ ಸ್ಪ್ರಿಂಗು ಇಟ್ಟು ಗುಂಡು ಕೂರಿಸಿದರೆ ತುಂಬಿದ ಎಣ್ಣೆ ದಂಡದ ಬಳೆಗಳನ್ನೇ ದಾಟಿ ಹೊಗೆಯ ಕಡೆಗೆ ಬರುತ್ತದೆ.

"ಇದು ಪಂಪಲ್ಲ ಅಮ್ಮಿಣಿ," ಎಂದರು. "ಪಂಪಲ್ಲಿ ನೀರು ನಿಲ್ಲಬೇಕು. ಇದರಲ್ಲಿ ಎಣ್ಣೆ ನಿಲ್ಲಲೇಕೂಡದು."

ಎದ್ದು ಎರಡು ಹೆಜ್ಜೆ ಓಡಿದವರು ನಿಂತುಬಿಟ್ಟರು. ವಾಲ್ವು ಅಣ್ಣನದು. ಇಷ್ಟು ದಿನ ಈ ಮೂಲೆಗೆ ಅಣ್ಣ ತನ್ನ ಕೈಯಾರೆ ಮಾಡಿಕೊಟ್ಟ ಸಾಮಾನು ಅದೊಂದೇ. ಹೇಗೆ ಹೇಳುವುದು ಎಂದು ನನ್ನನ್ನು ಕೇಳಿದರು. ನಾನು ಮಗುವಿನ ಮೂಗು ಒರೆಸುತ್ತಾ, ಮೊದಲು ತೆಗೆದು ನೋಡಿ, ಹೊಗೆ ನಿಂತರೆ ತಾನೆ ಹೇಳುವ ಮಾತು ಎಂದೆ.

ವಾಲ್ವು ತೆಗೆದು, ಆ ಜಾಗಕ್ಕೆ ಅಗಲವಾದ ಕೊಳವೆಯನ್ನು ಎಲ್ಲೂ ಬಾಗದಂತೆ ನೇರ ಕೆಳಕ್ಕೆ ಬಿಟ್ಟರು. ಮಾವ ಪೀಳಮೇಡಿಗೆ ಹೋಗಿದ್ದ ಹೊತ್ತು. ಇಂಜಿನ್ ಓಡಿಸಿದರು. ಶಿಳ್ಳೆ ಬಂತು. ನಾನು ಸೈಲೆನ್ಸರಿನ ಹತ್ತಿರ ಮಗಳ ಬಿಳಿ ಬಟ್ಟೆಯೊಂದನ್ನು ಹಿಡಿದು ನಿಂತಿದ್ದೆ, ಮೊದಲಿದ್ದ ಎಣ್ಣೆಯೆಲ್ಲ ಸುಟ್ಟು ಹೋಗುವವರೆಗೆ. ಸ್ವಲ್ಪ ಹೊತ್ತಿಗೆ ಹೊಗೆ ತೆಳ್ಳಗಾಯಿತು, ಆಮೇಲೆ ಬರೀ ಬಿಸಿಗಾಳಿ. ಬಟ್ಟೆಯಲ್ಲಿ ಎಣ್ಣೆಯ ಒಂದು ಚುಕ್ಕೆಯೂ ಬೀಳಲಿಲ್ಲ. ಅದನ್ನು ಎತ್ತಿ ತೋರಿಸಿದೆ. ಅಂಗಮ್ಮನ ಕಿಟಕಿ ತೆರೆದೇ ಇತ್ತು.

ಆ ವಾಲ್ವನ್ನು ಎಸೆಯಲು ಚಿಕ್ಕಮಾವನಿಗೆ ಮನಸ್ಸು ಬರಲಿಲ್ಲ. ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ ನಿಂತಿದ್ದಾಗ ಶಿವಗಾಮಿ ಎರಡೂ ಕೈ ಚಾಚಿದಳು. ನನ್ನವರು ಸಂಜೆ ಅದರ ಸ್ಪ್ರಿಂಗು ತೆಗೆದು, ಗುಂಡು ಹೊರಗೆ ಬಾರದಂತೆ ಎರಡೂ ತುದಿಗೆ ಬಿರಡೆ ಬೆಸೆದು ಕೊಟ್ಟರು. ನಾನು ಹುಣಸೆಹಣ್ಣಿನಲ್ಲಿ ತಿಕ್ಕಿ, ಬಿಸಿನೀರಿನಲ್ಲಿ ಕುದಿಸಿದೆ. ಅದಕ್ಕಿಂತ ಒಳ್ಳೆಯ ಗಿಲಕಿ ಕೊಯಮತ್ತೂರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಮಾವನ ಕಣ್ಣಿಗೆ ಬೀಳದಿರಲಿ ಎಂದು ಮಗುವಿನ ಬಟ್ಟೆಯ ಚೀಲದ ತಳದಲ್ಲಿ ಇಟ್ಟಿದ್ದೆ. ಮಾವನಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಚಿಕ್ಕಮಾವ ಭಾನುವಾರದವರೆಗೆ ತಳ್ಳಿದರು.

ಪೊಳ್ಳಾಚಿಯವರೆಗೆ ದಾರಿ ಸಮ. ಮುಳ್ಳು ಸುಮ್ಮನೆ ಮಲಗಿತ್ತು. ಆನೈಮಲೈಯಲ್ಲಿ ಗುಡಿಗೆ ಹೋದೆವು. ಉದ್ದಕ್ಕೆ ಮಲಗಿದ ಅಮ್ಮನ ಮುಂದೆ ಅತ್ತೆ ಕೈಮುಗಿದು, ಮೆಣಸಿನಕಾಯಿಯನ್ನು ಮಾತ್ರ ಅರೆಯದೆ ಸೆರಗಿಗೆ ಕಟ್ಟಿಕೊಂಡರು. ಬರುವಾಗ ಬೇಕಾಗಬಹುದು ಎಂದು ಇಬ್ಬರಿಗೂ ಕೇಳುವಂತೆ ಹೇಳಿದರು.

ಆಳಿಯಾರ್ ದಾಟಿದ ಮೇಲೆ ದಾರಿ ತಲೆ ಎತ್ತಿತು. ಮುಂದಿನ ಉದ್ದ ಸೀಟಿನಲ್ಲಿ ಚಿಕ್ಕಮಾವ ಸ್ಟೇರಿಂಗು ಹಿಡಿದಿದ್ದರು, ಪಕ್ಕದಲ್ಲಿ ಮಾವ. ಹಿಂದೆ ನಾವು. ಚಿಕ್ಕಮಾವ ಗೇರು ಇಳಿಸಿದರು, ಶಿಳ್ಳೆ ಎದ್ದಿತು, ತಟ್ಟೆಯಗಲದ ಗೇಜಿನಲ್ಲಿ ಮುಳ್ಳು ಎರಡಕ್ಕೆ ಬಂತು, ಮೂರಕ್ಕೆ, ನಾಲ್ಕಕ್ಕೆ. ಬೆನ್ನಿನ ಹಿಂದೆ ಯಾರೋ ಅಂಗೈ ಇಟ್ಟು ಮೆಲ್ಲಗೆ ತಳ್ಳಿದಂತಾಯಿತು. ನನ್ನವರು ನನ್ನ ಕೈ ಹಿಡಿದುಕೊಂಡರು, ಅತ್ತೆಯ ಎದುರಿಗೇ. ಮಾವ ಮಾತ್ರ ಪಕ್ಕದ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದರು, ಹೊಗೆಗಾಗಿ.

ಹೋದ ವರ್ಷದ ತಿರುವು ಇನ್ನೇನು ಬರಬೇಕು, ಕಿವಿ ಗುಯ್ಯೆಂದಿತೋ ಏನೋ, ಶಿವಗಾಮಿ ಜೋರಾಗಿ ಅಳತೊಡಗಿದಳು. ನಾನು ಸೆರಗು ಸರಿಮಾಡಿಕೊಂಡು ಹಾಲು ಕೊಡುವುದರೊಳಗೆ ಅತ್ತೆ ಚೀಲಕ್ಕೆ ಕೈ ಹಾಕಿ, ತಳದಿಂದ ಗಿಲಕಿ ತೆಗೆದು ಅಲ್ಲಾಡಿಸಿದರು. ಮಗಳು ಅಳು ನಿಲ್ಲಿಸಿದಳು. ಮಾವ ತಿರುಗಿ ನೋಡಿದರು. ತಾವು ಕಡೆದ ಹಿತ್ತಾಳೆಯನ್ನು ಗುರುತಿಸದವರೇ? ಚಿಕ್ಕಮಾವ ದಾರಿಯಿಂದ ಕಣ್ಣು ತೆಗೆಯಲಿಲ್ಲ, ಕಿವಿ ಮಾತ್ರ ಕೆಂಪಾಯಿತು.

"ಯಾವಾಗ ತೆಗೆದೆ?"

"ಬುಧವಾರ."

"ಯಾಕೆ ಹೇಳಲಿಲ್ಲ?"

"ನೀನು ಪಾಲಿಶ್ ಹಾಕಿದ್ದೆ ಅಣ್ಣಾ."

ಮಾವ ಮತ್ತೆ ಕನ್ನಡಿಯ ಕಡೆ ತಿರುಗಿದರು. ಹಿಂದೆ ದಾರಿ ತಿಳಿಯಾಗಿತ್ತು. ಕೆಳಗೆ ಅಣೆಕಟ್ಟಿನ ನೀರು ಹೊಳೆಯುವುದೂ ಕಾಣುತ್ತಿತ್ತು. ತಿರುವು ಬಂತು. ಅತ್ತೆ ಸೆರಗಿನ ಗಂಟು ಹಿಡಿದರು. ಮುಳ್ಳು ಐದಕ್ಕೆ ಹೋಗಿ ಅಲ್ಲೇ ನಿಂತಿತು, ಪುಟ್ಟ ಮುಚ್ಚಳ ತೆರೆದುಕೊಂಡ ಸದ್ದು ಸಣ್ಣಗೆ ಕೇಳಿತು, ಕಾರು ಒಂದು ಸಲವೂ ಮಿಡುಕದೆ ತಿರುವನ್ನು ಸುತ್ತಿ ಮೇಲಕ್ಕೆ ಬಂತು. ಇಂಜಿನ್ ಬಿಸಿಯಾಗಿ ಪಕ್ಕಕ್ಕೆ ನಿಂತಿದ್ದ ಲಾರಿಯೊಂದರ ಡ್ರೈವರು ನಮ್ಮನ್ನೇ ನೋಡುತ್ತಾ ನಿಂತಿದ್ದ. ನಾನು ಮಗಳ ಕೈ ಹಿಡಿದು ಅವನಿಗೆ ಟಾಟಾ ಮಾಡಿಸಿದೆ.

ದಾರಿ ಸ್ವಲ್ಪ ಅಗಲವಾದ ಕಡೆ ಮಾವ, "ನಿಲ್ಸು" ಎಂದರು.

ಯಾರೂ ಇಳಿಯಕೂಡದು ಎಂದು ಅತ್ತೆ ನೆನಪಿಸಿದರು.

"ಯಾರು ಇಳೀತಾರೆ?" ಎಂದರು ಮಾವ. "ಕಂದಾ, ನೀನು ಈಚೆಗೆ ಜರುಗು. ನಾನು ಓಡಿಸ್ತೀನಿ."

ಬಾಗಿಲು ತೆರೆಯದೆ, ಕಾಲು ನೆಲಕ್ಕೆ ತಾಕಿಸದೆ, ಐವತ್ತು ದಾಟಿದ ಇಬ್ಬರು ಗಂಡಸರು ಮುಂದಿನ ಸೀಟಿನಲ್ಲಿ ಜಾಗ ಬದಲಾಯಿಸಿಕೊಂಡರು. ಮಾವ ತಮ್ಮನ ತೊಡೆಯ ಮೇಲೆ ಒಂದು ಗಳಿಗೆ ಕೂರಬೇಕಾಯಿತು, ಮೊಣಕೈ ತಾಗಿ ಹಾರನ್ ಕೂಗಿತು, ಪಂಚೆ ಗೇರಿನ ಹಿಡಿಕೆಗೆ ಸಿಕ್ಕಿಕೊಂಡಿತು. ಅತ್ತೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಮಾತು ಕೊಟ್ಟವರೇ ಮಾತು ಕಾಯಲು ಅಷ್ಟು ಪಾಡುಪಟ್ಟದ್ದು ಕಂಡಾಗ ಮೂಲೆ ಉಳಿಯಿತೆಂದು ಚಿಕ್ಕಮಾವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಮೂಲೆ ಯಾರದೆಂದು ಆಮೇಲೆ ಯಾರೂ ಕೇಳಲಿಲ್ಲ.

ವಾಲ್ಪಾರೈವರೆಗೆ ಮಾವನೇ ಓಡಿಸಿದರು, ಪ್ರತಿ ತಿರುವಿನಲ್ಲೂ ಶಿಳ್ಳೆ ಹಾಕಿಸುತ್ತಾ. ಐದಕ್ಕೆ ಮೇಲೆ ಹೋಗಬಾರದು, ಕಾಲು ಸಡಿಲಿಸು ಅಣ್ಣಾ ಎಂದು ಚಿಕ್ಕಮಾವ ಪಕ್ಕದಲ್ಲಿ ಹೇಳುತ್ತಲೇ ಇದ್ದರು. ಸಾಮಿಯಾತಾಳ್ ಮನೆಯ ಮುಂದೆ ಕಾರು ನಿಂತಾಗ ಮೊದಲು ಇಳಿದವರು ಅತ್ತೆ. ಸೆರಗಿನ ಗಂಟು ಬಿಚ್ಚಿ ಮೆಣಸಿನಕಾಯಿಯನ್ನು ತಂಗಿಯ ಕೈಗೆ ಕೊಟ್ಟು, ಚಟ್ನಿಗೆ ಹಾಕು ಎಂದರು.

ಶುಕ್ರವಾರ ಡ್ರಿಲ್ಲಿಂಗ್ ಮಿಷಿನ್ ಬಂತು. ಮಾವನ ಮೇಜು ಇದ್ದ ಜಾಗದಲ್ಲಿ ಅದನ್ನು ನಿಲ್ಲಿಸಿದರು. ಮೇಜು ಈಗ ಪೂರ್ವದ ಮೂಲೆಯಲ್ಲಿ, ಚಿಕ್ಕಮಾವನ ಬೆಂಚಿಗೆ ಅಂಟಿಕೊಂಡಿದೆ. ಸಂಜೆ ಕಾಫಿ ಎರಡು ಲೋಟ ಅಲ್ಲಿಗೇ ಒಯ್ಯಬೇಕು. ನಿನ್ನೆ ಒಯ್ದಾಗ ಇಬ್ಬರೂ ಒಂದು ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನ ಬಾಣಲೆ ಮತ್ತೆ ಅಲ್ಲೇ ಇತ್ತು.